ಚಿತ್ರದ ಹಿಂದಿನ ಹುಡುಗಿ



'ದೂರದ ಬೆಟ್ಟ ನುಣ್ಣಗೆ' ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ದೂರದಿಂದ ನೋಡುವಾಗ ಬೆಟ್ಟದ ಕಲ್ಲು, ಮುಳ್ಳು, ಕೊರಕಲುಗಳು ಕಣ್ಣಿಗೆ ಬೀಳುವುದಿಲ್ಲ. ಹತ್ತಿ ಬಂದವರಿಗೆ ಮಾತ್ರ ಅವು ಗೊತ್ತು. ಈ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರಿಗೆ ಒಂದು ಅನುಕೂಲವಿತ್ತು. ಬೆಟ್ಟ ದೂರದಲ್ಲಿದೆ ಎಂಬುದು ಅವರಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ನಿಮ್ಮ ಕಾಲದಲ್ಲಿ ಆ ಬೆಟ್ಟ ಮೊಬೈಲ್ ಫೋನಿನ ರೂಪದಲ್ಲಿ ಅಂಗೈಗೇ ಬಂದು ಕುಳಿತಿದೆ. ಕಣ್ಣಿಗೆ ಅದು ಒಂದು ಗೇಣಿನಷ್ಟು ಹತ್ತಿರ. ನಿಜದಲ್ಲಿ ಅದು ಮೊದಲಿನಷ್ಟೇ ದೂರ. ಈ ದೂರವನ್ನು ಮರೆತಾಗ ಏನಾಗುತ್ತದೆ ಎಂಬುದನ್ನು ಇಂದು ನಾವು ಒಟ್ಟಿಗೆ ಯೋಚಿಸೋಣ.

ಇನ್‌ಸ್ಟಾಗ್ರಾಂ, ಯೂಟ್ಯೂಬ್ ಮುಂತಾದ ಜಾಲತಾಣಗಳಲ್ಲಿ ಉಡುಗೆತೊಡುಗೆ, ಅಲಂಕಾರ, ಊಟ, ಪ್ರವಾಸಗಳ ಚಿತ್ರಗಳನ್ನು ದಿನವೂ ಹಾಕುತ್ತ ಲಕ್ಷಾಂತರ ಜನರನ್ನು ಸೆಳೆಯುವವರಿದ್ದಾರೆ. ಅವರನ್ನು 'ಇನ್‌ಫ್ಲುಯೆನ್ಸರ್' ಎನ್ನುತ್ತಾರೆ. ಕನ್ನಡದಲ್ಲಿ 'ಪ್ರಭಾವಿ' ಎಂದರೂ ಸರಿಯೇ. ಅವರ ಮನೆ ಸದಾ ಅಚ್ಚುಕಟ್ಟು, ಮುಖ ಸದಾ ಪ್ರಸನ್ನ, ಬಟ್ಟೆಯಲ್ಲಿ ಒಂದು ಸುಕ್ಕೂ ಇಲ್ಲ. ರಾತ್ರಿ ಹಾಸ್ಟೆಲ್ಲಿನ ಮಂಚದ ಮೇಲೆ ಮಲಗಿ ಅವರನ್ನು ನೋಡುವ ಹುಡುಗಿಗೋ ಹುಡುಗನಿಗೋ ತನ್ನ ಕೋಣೆ ಕೊಳಕಾಗಿ, ತನ್ನ ಮುಖ ಪೆಚ್ಚಾಗಿ ಕಾಣತೊಡಗುತ್ತದೆ. ಅರ್ಧ ಗಂಟೆಯ ಹಿಂದೆ ಚೆನ್ನಾಗಿಯೇ ಇದ್ದ ತನ್ನ ಜೀವನ ಈಗ ಏಕೆ ಸಪ್ಪೆಯಾಯಿತು ಎಂದು ತಿಳಿಯುವುದೇ ಇಲ್ಲ.

ಚಿತ್ರಕ್ಕಾಗಿ ಸಿಂಗರಿಸಿಕೊಳ್ಳುವುದು ಹೊಸದೇನಲ್ಲ. ನಿಮ್ಮ ಅಜ್ಜ ಅಜ್ಜಿಯರ ಮದುವೆಯ ಹೊಸತರ ಭಾವಚಿತ್ರ ಮನೆಯಲ್ಲಿದ್ದರೆ ಒಮ್ಮೆ ಗಮನಿಸಿ ನೋಡಿ. ಹಿಂದೆ ಬಟ್ಟೆಯ ಮೇಲೆ ಬರೆದ ಪರದೆ ಇರುತ್ತದೆ. ಅದರಲ್ಲಿ ತೋಟವೋ ಮಹಡಿಯ ಮೆಟ್ಟಿಲೋ ಇರುತ್ತದೆ. ಅಂದಿನ ಫೋಟೋ ಸ್ಟುಡಿಯೋಗಳಲ್ಲಿ ಒಂದು ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ ಇರುತ್ತಿದ್ದವು. ಎಷ್ಟೋ ಕಡೆ ಬಂದವರೆಲ್ಲ ತೊಟ್ಟು ಕಳಚುವ ಒಂದು ಕೋಟೂ ಗೂಟಕ್ಕೆ ನೇತಾಡುತ್ತಿತ್ತು. ನೆಗೆಟಿವ್‌ನ ಮೇಲೆ ಸಣ್ಣ ಪೆನ್ಸಿಲ್ಲಿನಿಂದ ತಿದ್ದಿ ಮುಖದ ಕಲೆಗಳನ್ನು ಮರೆಸುವ ಕುಶಲಕರ್ಮಿಗಳೂ ಇದ್ದರು. ಆದರೆ ಆ ಚಿತ್ರವನ್ನು ನೋಡಿದವರು ಯಾರೂ ಅಜ್ಜ ದಿನವೂ ಕೋಟು ತೊಟ್ಟು ಗದ್ದೆಗೆ ಹೋಗುತ್ತಿದ್ದನೆಂದು ತಿಳಿಯಲಿಲ್ಲ. ಅದು ಒಂದು ದಿನದ ಚಿತ್ರ, ಸ್ಟುಡಿಯೋದ ಚಿತ್ರ ಎಂಬುದು ತೆಗೆಸಿಕೊಂಡವರಿಗೂ ಗೊತ್ತಿತ್ತು, ನೋಡುವವರಿಗೂ ಗೊತ್ತಿತ್ತು. ಇಂದು ಅದೇ ಸ್ಟುಡಿಯೋ ಮಲಗುವ ಕೋಣೆಗೆ, ಅಡುಗೆಮನೆಗೆ, ಸಮುದ್ರದ ದಂಡೆಗೆ ಬಂದಿದೆ. ಅಲ್ಲಿ ತೆಗೆದ ಚಿತ್ರವನ್ನು 'ಇದು ನನ್ನ ದಿನನಿತ್ಯದ ಬದುಕು' ಎಂಬ ಹೆಸರಿನಲ್ಲಿ ಹಂಚಲಾಗುತ್ತಿದೆ. ಹಳೆಯ ಚಿತ್ರಕ್ಕೂ ಹೊಸ ಚಿತ್ರಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ಈ ಮಾತಿಗೆ ಸಾಕ್ಷಿಯಾಗಿ ಆಸ್ಟ್ರೇಲಿಯದ ಒಬ್ಬ ಹುಡುಗಿಯ ವಿಷಯವನ್ನು ನಿಮ್ಮ ಮುಂದಿಡುತ್ತೇನೆ. ಆಕೆಯ ಹೆಸರು ಎಸೆನಾ ಓ'ನೀಲ್. ಕ್ವೀನ್ಸ್‌ಲೆಂಡ್ ರಾಜ್ಯದ ಕರಾವಳಿಯವಳು. ಶಾಲೆಯಲ್ಲಿದ್ದಾಗಲೇ ಚಿತ್ರಗಳನ್ನು ಹಾಕಲಾರಂಭಿಸಿದ ಈಕೆಗೆ 2015ರ ಹೊತ್ತಿಗೆ, ಇನ್ನೂ 18ರ ಹರೆಯದಲ್ಲಿ, ಇನ್‌ಸ್ಟಾಗ್ರಾಂ ಒಂದರಲ್ಲೇ 6 ಲಕ್ಷಕ್ಕೂ ಹೆಚ್ಚು ಅನುಯಾಯಿಗಳಿದ್ದರು. ಬಿಸಿಲು, ಸಮುದ್ರ, ಹೊಸ ಹೊಸ ಉಡುಪು, ತೆಳ್ಳನೆಯ ಮೈ, ನಗುಮುಖ. ನೋಡಿದವರೆಲ್ಲ ಕರುಬುವಂಥ ಬದುಕು.

2015ರ ಅಕ್ಟೋಬರ್ ಕೊನೆಯಲ್ಲಿ ಆಕೆ ಯಾರೂ ನಿರೀಕ್ಷಿಸದ ಕೆಲಸವೊಂದನ್ನು ಮಾಡಿದಳು. ತನ್ನ ಖಾತೆಯಿಂದ ಸುಮಾರು 2000 ಚಿತ್ರಗಳನ್ನು ಅಳಿಸಿಹಾಕಿದಳು. ಖಾತೆಯ ಹೆಸರನ್ನೇ 'ಸಾಮಾಜಿಕ ಜಾಲತಾಣ ನಿಜವಾದ ಬದುಕಲ್ಲ' ಎಂಬ ಅರ್ಥ ಬರುವಂತೆ ಬದಲಿಸಿದಳು. ಅಳಿಸದೆ ಉಳಿಸಿಕೊಂಡ ಚಿತ್ರಗಳ ಕೆಳಗಿದ್ದ ಹಳೆಯ ಒಕ್ಕಣೆಗಳನ್ನು ತೆಗೆದು, ಆ ಚಿತ್ರ ತೆಗೆದ ದಿನ ನಿಜವಾಗಿ ಏನು ನಡೆದಿತ್ತು ಎಂಬುದನ್ನು ಬರೆಯತೊಡಗಿದಳು.

ಸಮುದ್ರದ ದಂಡೆಯಲ್ಲಿ ಈಜುಡುಗೆ ತೊಟ್ಟು ನಿರಾಳವಾಗಿ ಕುಳಿತಂತೆ ಕಾಣುವ ಒಂದು ಚಿತ್ರ. ಅದರ ಕೆಳಗೆ ಆಕೆ ಹೊಸದಾಗಿ ಬರೆದ ಒಕ್ಕಣೆಯ ಸಾರಾಂಶ ಹೀಗಿದೆ: ಹೊಟ್ಟೆ ಚೆನ್ನಾಗಿ ಕಾಣಲೆಂದು ಇದೇ ಭಂಗಿಯಲ್ಲಿ ನೂರಕ್ಕೂ ಹೆಚ್ಚು ಚಿತ್ರ ತೆಗೆಸಿದ್ದೆ. ಅಂದು ಹೊಟ್ಟೆಗೆ ಸರಿಯಾಗಿ ಏನನ್ನೂ ತಿಂದಿರಲಿಕ್ಕಿಲ್ಲ. ನನಗೆ ಒಪ್ಪಿಗೆಯಾಗುವವರೆಗೂ ತೆಗೆಯುತ್ತಲೇ ಇರು ಎಂದು ಪುಟ್ಟ ತಂಗಿಯ ಮೇಲೆ ರೇಗಾಡಿರಬೇಕು.

ಇನ್ನೊಂದು ಚಿತ್ರದಲ್ಲಿ ಮುಖ ಹಾಲಿನಂತೆ ಹೊಳೆಯುತ್ತಿತ್ತು. ಮುಖದ ತುಂಬ ಮೊಡವೆಗಳಿದ್ದವು, ಇದು ದಪ್ಪನಾಗಿ ಬಳಿದ ಮೇಕಪ್ ಎಂದು ಅದರ ಕೆಳಗೆ ತಿದ್ದಿ ಬರೆದಳು. ಮತ್ತೊಂದರಲ್ಲಿ ಶಾಲೆಯ ಸಂಜೆಕೂಟಕ್ಕೆ ತೊಟ್ಟ ಉದ್ದನೆಯ ಗೌನು. ಆ ಉಡುಪಿಗೆ ತಾನು ಹಣ ಕೊಟ್ಟಿರಲಿಲ್ಲ, ಚಿತ್ರಕ್ಕಾಗಿ ಲೆಕ್ಕವಿಲ್ಲದಷ್ಟು ಸಲ ನಿಂತದ್ದಾಯಿತು, ಆದರೆ ಅಂದಿನ ಸಂಜೆ ತಾನು ಅತ್ಯಂತ ಒಂಟಿಯಾಗಿದ್ದೆ ಎಂದು ಹೇಳಿಕೊಂಡಳು. ಊಟದ ಕ್ಯಾಲೊರಿ ಎಣಿಸುತ್ತ, ಮಿತಿಮೀರಿ ವ್ಯಾಯಾಮ ಮಾಡುವ 15ರ ಹುಡುಗಿ ಯಾರಿಗೂ ಆದರ್ಶವಾಗಬಾರದು ಎಂಬುದೂ ಆಕೆ ತನ್ನ ಬಗ್ಗೆಯೇ ಬರೆದ ಮಾತು.

ಮಿತ್ರರೇ, ಇಲ್ಲಿ ಕ್ಷಣಕಾಲ ನಿಂತು ಯೋಚಿಸಿ. ಆ ಸಮುದ್ರದ ಚಿತ್ರವನ್ನು ನೋಡಿದ ಲಕ್ಷಾಂತರ ಹುಡುಗಿಯರು ತಮ್ಮ ಇಡೀ ದಿನವನ್ನು ಯಾವುದಕ್ಕೆ ಹೋಲಿಸಿಕೊಂಡರು? ಇನ್ನೊಬ್ಬಳ ದಿನಕ್ಕಲ್ಲ, ನೂರರಲ್ಲಿ ಆಯ್ದ ಒಂದು ಕ್ಷಣಕ್ಕೆ. ಉಳಿದ ತೊಂಬತ್ತೊಂಬತ್ತು ಚಿತ್ರಗಳು, ಹಸಿದ ಹೊಟ್ಟೆ, ಬೈಗುಳ ತಿಂದ ತಂಗಿ, ಇವು ಯಾವುವೂ ಅವರಿಗೆ ಕಾಣಲಿಲ್ಲ. ತಮ್ಮ ಮನೆಯ ಜಗಳ ಮಾತ್ರ ಅವರಿಗೆ ಕಾಣುತ್ತಿತ್ತು, ತಮ್ಮ ಮೊಡವೆ ಮಾತ್ರ ಕಾಣುತ್ತಿತ್ತು. ಹೋಲಿಕೆಯ ತಕ್ಕಡಿಯ ಒಂದು ತಟ್ಟೆಯಲ್ಲಿ ನಮ್ಮ ಒಳಮನೆ, ಇನ್ನೊಂದರಲ್ಲಿ ಅವರ ಜಗಲಿ. ಇಂಥ ತೂಕದಲ್ಲಿ ನಾವು ಗೆಲ್ಲುವುದು ಎಂದಿಗೂ ಸಾಧ್ಯವಿಲ್ಲ.

ಇನ್ನು ಹಣದ ವಿಷಯ. ಒಂದು ಉಡುಪನ್ನು ತೊಟ್ಟು ಚಿತ್ರ ಹಾಕಲು ತನಗೆ 400 ಡಾಲರ್ ಕೊಡಲಾಗಿತ್ತು ಎಂದು ಎಸೆನಾ ಬಹಿರಂಗಪಡಿಸಿದಳು. ಆಗ ಆಕೆಗಿದ್ದ ಅನುಯಾಯಿಗಳು ಸುಮಾರು ಒಂದೂವರೆ ಲಕ್ಷ. ಐದು ಲಕ್ಷ ಜನ ಹಿಂಬಾಲಿಸುವವರಿಗೆ ಒಂದು ಚಿತ್ರಕ್ಕೆ 2000 ಡಾಲರ್‌ವರೆಗೂ ಕೊಡುವ ಕಂಪನಿಗಳಿವೆ ಎಂದಳು. ಅಂದಿನ ವಿನಿಮಯ ದರದಲ್ಲಿ ಅದು 90 ಸಾವಿರ ರೂಪಾಯಿಗೂ ಮೀರಿದ ಮೊತ್ತ. ಹಣ ಪಡೆಯುವುದು ತಪ್ಪಲ್ಲ, ಆದರೆ ಅದು ನೋಡುವವರಿಗೆ ತಿಳಿದಿರಬೇಕು ಎಂಬುದು ಆಕೆಯ ವಾದವಾಗಿತ್ತು. ಇದು ನ್ಯಾಯವಾದ ಮಾತು. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿರುವ ಬೊಂಬೆ ಸೀರೆ ಉಟ್ಟು ನಿಂತರೆ ಅದು ಮಾರಾಟಕ್ಕೆ ಎಂದು ನಮಗೆ ಗೊತ್ತು. ಗೆಳತಿಯೊಬ್ಬಳು 'ಈ ಬಟ್ಟೆ ನನಗೆ ತುಂಬ ಇಷ್ಟ ಕಣೇ' ಎಂದರೆ ಅದನ್ನು ನಾವು ಬೇರೆ ರೀತಿಯಲ್ಲಿ ಕೇಳಿಸಿಕೊಳ್ಳುತ್ತೇವೆ. ಪ್ರಭಾವಿಗಳ ವ್ಯವಹಾರ ನಿಂತಿರುವುದು ಈ ಎರಡರ ನಡುವಿನ ಗೆರೆ ಅಳಿಸಿಹೋಗುವುದರ ಮೇಲೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಅದೊಂದು ಸುಲಭವಾದ ನೀತಿಕಥೆಯಾಗುತ್ತಿತ್ತು. ಆದರೆ ಮುಂದೆ ನಡೆದದ್ದನ್ನೂ ನೀವು ತಿಳಿಯಬೇಕು. ಎಸೆನಾ ಕಣ್ಣೀರಿಡುತ್ತ ಮಾತನಾಡಿದ ವಿಡಿಯೋ ಜಗತ್ತಿನಾದ್ಯಂತ ಸುದ್ದಿಯಾಯಿತು. ಕೆಲವರು ಮೆಚ್ಚಿದರು. ಇನ್ನು ಕೆಲವರು, ಆಕೆಯ ಹಳೆಯ ಗೆಳೆತನದವರೂ ಸೇರಿದಂತೆ, ಇದೂ ಪ್ರಚಾರದ ಒಂದು ತಂತ್ರವೇ ಎಂದು ಜರೆದರು. ಆದಾಯದ ದಾರಿಯನ್ನು ತಾನೇ ಮುಚ್ಚಿಕೊಂಡಿದ್ದ ಆಕೆ ಬಾಡಿಗೆ ಕಟ್ಟಲೂ ಕಷ್ಟವೆಂದು ನೋಡುಗರ ನೆರವು ಕೇಳಿದಾಗ ಟೀಕೆ ಇನ್ನೂ ಹೆಚ್ಚಾಯಿತು. ಕೊನೆಗೆ ಆಕೆ ಸಾರ್ವಜನಿಕ ನೋಟದಿಂದಲೇ ಮರೆಯಾದಳು. ಮತ್ತೆ ಬರಹಗಳೊಂದಿಗೆ ಕಾಣಿಸಿಕೊಂಡದ್ದು 2019ರಲ್ಲಿ.

ಆಕೆಯ ಮಾತು ನೂರಕ್ಕೆ ನೂರು ಪ್ರಾಮಾಣಿಕವೇ ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸಿ. ಸುಂದರವಾಗಿ ಕಂಡಾಗ ಆಕೆಯನ್ನು ಎಷ್ಟು ಜನ ನೋಡಿದರೋ, ಅಳುವಾಗಲೂ ಅಷ್ಟೇ ಕುತೂಹಲದಿಂದ ನೋಡಿದರು. ಅಚ್ಚುಕಟ್ಟಾದ ಮುಖವನ್ನು ಕಂಡು ಕರುಬುವುದು, ಅದರ ಹಿಂದಿನ ಗೊಂದಲವನ್ನು ಕಂಡು ಖುಷಿಪಡುವುದು, ಇವೆರಡೂ ಒಂದೇ ಚಟದ ಎರಡು ಮುಖಗಳು. ಎರಡರಲ್ಲೂ ಎದುರಿಗಿರುವವಳು ಮನುಷ್ಯಳು, ನಮ್ಮ ಅಕ್ಕತಂಗಿಯರಂಥವಳು ಎಂಬುದನ್ನು ನಾವು ಮರೆತಿರುತ್ತೇವೆ. ಖ್ಯಾತರಾದ ಪ್ರಭಾವಿಗಳ ಮನೆ ಜಗಳ, ವಿಚ್ಛೇದನ, ಸಾಲಗಳ ಸುದ್ದಿಯನ್ನು ಬಾಯಿ ಚಪ್ಪರಿಸಿ ಓದುವುದರಿಂದ ನಮ್ಮ ಮನಸ್ಸಿನ ಗಾಯವೇನೂ ಮಾಯುವುದಿಲ್ಲ.

ಹಾಗಾದರೆ ಈ ಹೋಲಿಕೆ ನಮ್ಮನ್ನು ಏಕೆ ಇಷ್ಟು ಕಾಡುತ್ತದೆ? 1954ರಲ್ಲಿ ಲಿಯಾನ್ ಫೆಸ್ಟಿಂಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಈ ಕುರಿತು ಒಂದು ಸಿದ್ಧಾಂತವನ್ನು ಮಂಡಿಸಿದರು. ಎತ್ತರವನ್ನು ಅಳೆಯಲು ಅಳತೆಪಟ್ಟಿ ಇದೆ. ಆದರೆ ನಾನು ಎಷ್ಟು ಜಾಣ, ಎಷ್ಟು ಚೆಂದ ಎಂಬುದನ್ನು ಅಳೆಯಲು ಅಂಥ ಪಟ್ಟಿ ಇಲ್ಲ. ಆಗ ಮನುಷ್ಯ ಇತರರೊಂದಿಗೆ ಹೋಲಿಸಿಕೊಂಡು ತನ್ನನ್ನು ಅಳೆದುಕೊಳ್ಳುತ್ತಾನೆ. ಅದರಲ್ಲಿಯೂ ತನ್ನಂಥವರನ್ನೇ ಆರಿಸಿಕೊಳ್ಳುತ್ತಾನೆ ಎಂದರು ಅವರು. ಸಿನಿಮಾ ನಟಿಯನ್ನು ನೋಡುವಾಗ 'ಅವರು ಬೇರೆಯೇ ಲೋಕದವರು ಬಿಡು' ಎಂದು ನಾವು ಸುಮ್ಮನಾಗಬಹುದು. ಪ್ರಭಾವಿಯಾದರೋ ನಮ್ಮ ವಯಸ್ಸಿನವಳು, ನಮ್ಮ ಹಾಗೆಯೇ ಕಾಲೇಜಿಗೆ ಹೋಗುವವಳು, ತನ್ನ ಕೋಣೆಯಲ್ಲಿ ಕುಳಿತು ನಮ್ಮ ಜೊತೆ ಹರಟುವವಳು. ಆದುದರಿಂದಲೇ ಅವಳ ಚಿತ್ರ ನಟಿಯ ಚಿತ್ರಕ್ಕಿಂತ ಆಳವಾಗಿ ಚುಚ್ಚುತ್ತದೆ.

ಕ್ಯಾಮೆರಾ ಕೂಡ ಈ ಆಟದಲ್ಲಿ ಪಾಲುದಾರ. ಫೋನನ್ನು ಮುಖದ ಹತ್ತಿರ ಹಿಡಿದು ಸೆಲ್ಫಿ ತೆಗೆದಾಗ ಮಸೂರಕ್ಕೆ ಹತ್ತಿರವಿರುವ ಮೂಗು ದೊಡ್ಡದಾಗಿಯೂ ದೂರವಿರುವ ಕಿವಿಗಳು ಚಿಕ್ಕದಾಗಿಯೂ ಮೂಡುತ್ತವೆ. 12 ಅಂಗುಲ ದೂರದಿಂದ ತೆಗೆದ ಚಿತ್ರದಲ್ಲಿ ಮೂಗು, 5 ಅಡಿ ದೂರದ ಚಿತ್ರಕ್ಕಿಂತ ಸುಮಾರು ಶೇಕಡ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು ಅಮೆರಿಕದ ವೈದ್ಯರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಅಂದರೆ ನಿಮ್ಮ ಮೂಗಿನ ಬಗ್ಗೆ ಫೋನು ಹೇಳುವುದು ಸುಳ್ಳು. ಇತ್ತ ನಿಮ್ಮ ಮುಖವನ್ನು ಕೆಡಿಸಿ ತೋರಿಸುವ ಅದೇ ಉಪಕರಣ, ಅತ್ತ ಪ್ರಭಾವಿಯ ಮುಖವನ್ನು ಸರಿಯಾದ ದೂರ, ಒಳ್ಳೆಯ ಬೆಳಕು, ಚರ್ಮವನ್ನು ನುಣುಪಾಗಿಸುವ ಫಿಲ್ಟರುಗಳ ಮೂಲಕ ತಿದ್ದಿ ತೋರಿಸುತ್ತದೆ.

ಇದರ ಪರಿಣಾಮ ಕಂಪನಿಗಳಿಗೆ ತಿಳಿದಿರಲಿಲ್ಲವೆಂದಲ್ಲ. 2021ರ ಸೆಪ್ಟೆಂಬರಿನಲ್ಲಿ ಅಮೆರಿಕದ 'ವಾಲ್ ಸ್ಟ್ರೀಟ್ ಜರ್ನಲ್' ಪತ್ರಿಕೆ ಫೇಸ್‌ಬುಕ್ ಸಂಸ್ಥೆಯ ಒಳಗಿನ ಕಡತಗಳನ್ನು ಪ್ರಕಟಿಸಿತು. ಅವನ್ನು ಹೊರತಂದವರು ಅಲ್ಲಿಯೇ ಕೆಲಸ ಮಾಡಿದ್ದ ಫ್ರಾನ್ಸಿಸ್ ಹೌಗೆನ್. ದೇಹದ ಬಗೆಗಿನ ಕೀಳರಿಮೆಯನ್ನು ಹದಿಹರೆಯದ ಹುಡುಗಿಯರಲ್ಲಿ ಮೂವರಿಗೊಬ್ಬರಂತೆ ಇನ್‌ಸ್ಟಾಗ್ರಾಂ ಹೆಚ್ಚಿಸುತ್ತಿದೆ ಎಂಬ ಅರ್ಥದ ಮಾತು ಕಂಪನಿಯದೇ 2019ರ ಟಿಪ್ಪಣಿಯಲ್ಲಿತ್ತು. ಅದು ಮೊದಲೇ ಆ ಕೀಳರಿಮೆಯಿಂದ ಬಳಲುತ್ತಿದ್ದ ಹುಡುಗಿಯರನ್ನು ಕುರಿತ ಅಂಕಿ, ಬಹುಪಾಲು ವಿಷಯಗಳಲ್ಲಿ ಇನ್‌ಸ್ಟಾಗ್ರಾಂನಿಂದ ತೊಂದರೆ ಹೆಚ್ಚಾಗಿಲ್ಲ ಎಂದು ಕಂಪನಿ ಸಮರ್ಥಿಸಿಕೊಂಡಿತು. ಇದನ್ನು ಒಪ್ಪಿದರೂ ಒಂದು ಪ್ರಶ್ನೆ ಉಳಿಯುತ್ತದೆ: ಮೊದಲೇ ನೊಂದವರನ್ನು ಇನ್ನಷ್ಟು ನೋಯಿಸುವುದು ಸಣ್ಣ ವಿಷಯವೇ?

ಸರ್ಕಾರಗಳೂ ಎಚ್ಚೆತ್ತಿವೆ. ನಾರ್ವೆ ದೇಶದಲ್ಲಿ 2022ರ ಜುಲೈಯಿಂದ, ದೇಹದ ಆಕಾರವನ್ನೋ ಚರ್ಮವನ್ನೋ ತಿದ್ದಿದ ಜಾಹೀರಾತು ಚಿತ್ರಗಳ ಮೇಲೆ ಹಾಗೆಂದು ಗುರುತು ಹಾಕುವುದು ಕಡ್ಡಾಯವಾಯಿತು. ಪ್ರಭಾವಿಗಳಿಗೂ ಇದು ಅನ್ವಯಿಸುತ್ತದೆ. ಫ್ರಾನ್ಸ್ 2023ರ ಜೂನ್‌ನಲ್ಲಿ ಪ್ರಭಾವಿಗಳಿಗಾಗಿಯೇ ಒಂದು ಕಾನೂನು ಮಾಡಿತು. ಎಸೆನಾಳ ತಾಯ್ನಾಡಾದ ಆಸ್ಟ್ರೇಲಿಯದಲ್ಲಿ 16 ವರ್ಷದೊಳಗಿನವರು ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದುವುದನ್ನು ತಡೆಯುವ ಕಾನೂನು 2025ರ ಡಿಸೆಂಬರ್ 10ರಂದು ಜಾರಿಗೆ ಬಂದಿತು. ನಮ್ಮ ದೇಶದಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ಹಣ, ಉಚಿತ ವಸ್ತು, ಪ್ರವಾಸ ಮುಂತಾದ ಯಾವುದೇ ಲಾಭ ಪಡೆದು ಒಂದು ವಸ್ತುವನ್ನು ಹೊಗಳಿದರೆ, ಅದು ಜಾಹೀರಾತು ಎಂದು ಸ್ಪಷ್ಟವಾಗಿ ತಿಳಿಸಬೇಕು. ಚಿತ್ರವಾದರೆ ಚಿತ್ರದ ಮೇಲೆಯೇ, ವಿಡಿಯೋ ಆದರೆ ವಿಡಿಯೋದೊಳಗೇ ಹೇಳಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ, ಮತ್ತೆ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು.

ಆದರೆ ಕಾನೂನು ಚಿತ್ರದ ಮೇಲೆ ಚೀಟಿ ಅಂಟಿಸಬಹುದೇ ಹೊರತು ನಮ್ಮ ಕಣ್ಣಿಗೆ ವಿವೇಕ ಕೊಡಲಾರದು. ಆ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು. ಅದಕ್ಕಾಗಿ ಒಂದು ಚಿತ್ರ ನಿಮ್ಮನ್ನು ಕಾಡಿದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇದಕ್ಕೆ ಹಣ ಕೊಟ್ಟವರು ಯಾರು? ಇದಕ್ಕೆ ಮುಂಚೆ ಎಷ್ಟು ಚಿತ್ರಗಳನ್ನು ತೆಗೆದು ಬಿಸಾಡಿರಬಹುದು? ಈ ಚಿತ್ರವನ್ನು ತೆಗೆದವರು ಯಾರು, ಆ ಹೊತ್ತಿನಲ್ಲಿ ಅವರು ಹೇಗಿದ್ದರು? ಮೂರನೆಯ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳುವುದೇ ಇಲ್ಲ. ಎಸೆನಾಳ ಆ ಸಮುದ್ರದ ಚಿತ್ರದಲ್ಲಿ ಪುಟ್ಟ ತಂಗಿ ಕಾಣುವುದಿಲ್ಲ. ಆದರೆ ಆ ಚಿತ್ರದ ಬೆಲೆಯಲ್ಲಿ ಒಂದು ಪಾಲನ್ನು ತೆತ್ತವಳು ಅವಳು.

ನಿಮ್ಮಲ್ಲಿ ಕೆಲವರಿಗೆ ಪ್ರಭಾವಿಯಾಗಬೇಕೆಂಬ ಆಸೆ ಇರಬಹುದು. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಬಟ್ಟೆಯ ಬಗ್ಗೆ, ಬಣ್ಣದ ಬಗ್ಗೆ ಒಳ್ಳೆಯ ಅಭಿರುಚಿ ಇರುವುದು ಒಂದು ಗುಣ. ನೇಕಾರರ ಕೆಲಸವನ್ನೋ ಹೊಲಿಗೆಯನ್ನೋ ಜನರಿಗೆ ಚೆನ್ನಾಗಿ ಪರಿಚಯಿಸುವುದು ಉಪಯುಕ್ತವಾದ ದುಡಿಮೆಯೇ. ಆದರೆ ಅದನ್ನು ದುಡಿಮೆಯೆಂದೇ ಕರೆಯಿರಿ. ದುಡಿಮೆಗೆ ಹೊತ್ತುಗೊತ್ತು ಇರುತ್ತದೆ, ರಜೆ ಇರುತ್ತದೆ, ಬಾಗಿಲು ಮುಚ್ಚಿದ ಮೇಲೆ ನಮ್ಮದೇ ಆದ ಮನೆ ಇರುತ್ತದೆ. ಊಟ, ಗೆಳೆತನ, ಅಕ್ಕತಂಗಿಯರ ಸಲಿಗೆ ಎಲ್ಲವನ್ನೂ ಅಂಗಡಿಯಲ್ಲಿಟ್ಟವರಿಗೆ ಸಂಜೆ ಮರಳಲು ಮನೆಯೇ ಉಳಿದಿರುವುದಿಲ್ಲ. ಎಸೆನಾ ಹೇಳಿದ ಒಂಟಿತನದ ಮೂಲ ಇದೇ ಇರಬೇಕು.

ಉಳಿದವರಿಗೂ ಕೆಲವು ಸರಳ ಉಪಾಯಗಳಿವೆ. ನೋಡಿದ ಮೇಲೆ ಪ್ರತಿ ಸಲವೂ ಮನಸ್ಸು ಕುಗ್ಗುವಂಥ ಖಾತೆಯನ್ನು ಹಿಂಬಾಲಿಸುವುದನ್ನು ಬಿಟ್ಟುಬಿಡಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಲೈಕುಗಳ ಸಂಖ್ಯೆ ಕಾಣದಂತೆ ಮರೆಮಾಡುವ ಅವಕಾಶವನ್ನು ಇನ್‌ಸ್ಟಾಗ್ರಾಂ 2021ರಲ್ಲಿಯೇ ಎಲ್ಲರಿಗೂ ಕೊಟ್ಟಿದೆ. ಒಂದು ತಿಂಗಳು ಪ್ರಯತ್ನಿಸಿ ನೋಡಿ. ಮಲಗುವ ಹೊತ್ತಿನಲ್ಲಿ ಫೋನನ್ನು ಕೈಗೆಟುಕದಷ್ಟು ದೂರದಲ್ಲಿಡಿ. ತೆಳ್ಳಗಾಗಬೇಕೆಂದು ಊಟ ಬಿಡುವ ಗೆಳತಿ, ಮೈಕಟ್ಟು ಸಾಲದೆಂದು ಕೊರಗುವ ಗೆಳೆಯ ನಿಮ್ಮ ನಡುವೆ ಇದ್ದರೆ ಹಾಸ್ಯ ಮಾಡಬೇಡಿ. ಪಕ್ಕದಲ್ಲಿ ಕುಳಿತು ಕೇಳಿ.

ಮಾತಿನಿಂದ ಸಮಾಧಾನವಾಗದಿದ್ದರೆ ನೆರವು ನಮ್ಮ ನಾಡಿನಲ್ಲಿಯೇ ಇದೆ. ಮೊಬೈಲ್ ಮತ್ತು ಜಾಲತಾಣಗಳ ಅತಿಬಳಕೆಯಿಂದ ತೊಂದರೆಗೊಳಗಾದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿ ಒಂದು ಪ್ರತ್ಯೇಕ ಚಿಕಿತ್ಸಾಲಯವನ್ನೇ ಆರಂಭಿಸಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಎಂಬ ರಾಷ್ಟ್ರೀಯ ದೂರವಾಣಿ ಸೇವೆಯ ಮುಖ್ಯ ಕೇಂದ್ರವೂ ನಿಮ್ಹಾನ್ಸ್. 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಜ್ವರ ಬಂದಾಗ ವೈದ್ಯರಲ್ಲಿಗೆ ಹೋಗಲು ನಾಚುವುದಿಲ್ಲ. ಮನಸ್ಸಿಗೆ ಬಳಲಿಕೆಯಾದಾಗಲೂ ನಾಚಬೇಕಾಗಿಲ್ಲ.

ಕೊನೆಯದಾಗಿ ಒಂದು ಮಾತು. ಆಸ್ಟ್ರೇಲಿಯದ ಆ ಹುಡುಗಿ ಕೂಡ ಮೊದಲು ನೋಡುಗಳೇ ಆಗಿದ್ದಳು. ತನಗಿಂತ ಚೆಂದದವರನ್ನು ಗಂಟೆಗಟ್ಟಲೆ ನೋಡುತ್ತ, ತಾನು ಏನೂ ಅಲ್ಲವೆಂದು ಕೊರಗುತ್ತ ಬೆಳೆದವಳು. ಆ ಕೊರಗನ್ನು ನೀಗಲೆಂದು ತಾನೇ ಚಿತ್ರವಾದಳು. ಆಗ ಅವಳನ್ನು ನೋಡಿ ಇನ್ನಷ್ಟು ಹುಡುಗಿಯರು ಕೊರಗಿದರು. ಈ ಸರಪಳಿಯ ಒಂದು ಕೊಂಡಿ ನಮ್ಮ ಕೈಯಲ್ಲೂ ಇದೆ. ಇಂದು ನಿಮ್ಮ ತಂಗಿಯೋ ತಮ್ಮನೋ ನಿಮ್ಮ ಚಿತ್ರ ತೆಗೆಯುತ್ತಿದ್ದರೆ, ಒಂದೆರಡು ತೆಗೆದ ಮೇಲೆ ಫೋನನ್ನು ಕೆಳಗಿಟ್ಟು ಅವರೊಂದಿಗೆ ಊಟಕ್ಕೆ ಕುಳಿತುಕೊಳ್ಳಿ. ಆ ಊಟದ ಚಿತ್ರ ಯಾರಿಗೂ ಕಾಣದಿದ್ದರೂ ಚಿಂತೆಯಿಲ್ಲ.